ಪಾಷಾಣಕ್ಕೆ ಗಣಿಯೇ ಕಾರಣವೇ?

ಸುರಪುರ ತಾಲ್ಲೂಕಿನ ಮಂಗಳೂರು ಹಿಂದೆ ಚಿನ್ನವನ್ನು ಅಗೆದು ತೆಗೆಯುತ್ತಿದ್ದ ಪ್ರದೇಶ. ಕರಾವಳಿಯ ಮಂಗಳೂರೆಂದು ವಾಚಕರು ಭ್ರಮಿಸಬಾರದು. ಈ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಅನೇಕರಿಗೆ ಚರ್ಮದ ವ್ಯಾಧಿ ತಗುಲಿತ್ತು. ದೀಪಂಕರ ಚಕ್ರವರ್ತಿ ಮತ್ತು ಅವರ ಸಂಗಡಿಗರು ಇದನ್ನು ಪರಿಶೀಲಿಸಿ 2013ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ 59 ಕೊಳವೆಬಾವಿಗಳ ಪೈಕಿ ಶೇಕಡ 79ರಲ್ಲಿ ಆರ್ಸೆನಿಕ್, ಎಂದರೆ ಪಾಷಾಣ, ಲೀಟರಿಗೆ 10 ಮೈಕ್ರೋಗ್ರಾಮ್ ಮಿತಿಯನ್ನು ಮೀರಿತ್ತು. ಒಂದರಲ್ಲಿ 303 ಇತ್ತು. ನೋಡಿದ 181 ಜನರಲ್ಲಿ ಶೇಕಡ 58.6 ಮಂದಿಗೆ ಪಾಷಾಣದಿಂದುಂಟಾಗುವ ಬಗೆಯ ಚರ್ಮವಿಕಾರಗಳಿದ್ದುವು.

ಈ ಅಂಕಿಗಳಿಂದ ನಾವು ಎಷ್ಟನ್ನು ತೀರ್ಮಾನಿಸಬಹುದು? ನೀರನ್ನೂ ಚರ್ಮವನ್ನೂ ಒಂದೇ ಕಾಲದಲ್ಲಿ ನೋಡಿದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳಲಾಗದು. ಆದರೆ ಇಲ್ಲಿ ಬೇರೆ ಸಾಕ್ಷ್ಯಗಳೂ ಇವೆ. 171 ಮಂದಿಯ ಕೂದಲು, ಉಗುರುಗಳಲ್ಲೆಲ್ಲ ಪಾಷಾಣ ಹೆಚ್ಚಾಗಿತ್ತು. ಬಾಂಗ್ಲಾದೇಶ, ತೈವಾನ್‌ಗಳಲ್ಲಿ ಇಂತಹ ನೀರಿನಿಂದ ಇಂತಹುದೇ ವ್ಯಾಧಿ ಬಂದುದು ಮೊದಲೇ ತಿಳಿದಿತ್ತು. ಆದುದರಿಂದ ವ್ಯಾಧಿಗೆ ಪಾಷಾಣವೇ ಕಾರಣವೆಂಬುದನ್ನು ನಾವು ಧೈರ್ಯವಾಗಿ ಒಪ್ಪಬಹುದು.

ನೀರಿಗೆ ಅದು ಬಂದುದು ಎಲ್ಲಿಂದ? ಗಣಿಯಿಂದ ಎಂದು ಯಾರಿಗಾದರೂ ತೋರುತ್ತದೆ. 12 ಮಣ್ಣಿನ ಮಾದರಿಗಳಲ್ಲಿ 6ರಲ್ಲಿ, ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗಿಂತ ಹೆಚ್ಚು ಪಾಷಾಣವಿತ್ತು. ಇದು ಗಣಿಯ ತ್ಯಾಜ್ಯದಿಂದ ಬಂದಿರಬಹುದು ಎಂದು ವರದಿಯ ಕರ್ತೃಗಳು ಹೇಳುತ್ತಾರೆ. 'ಬಂದಿರಬಹುದು' ಎಂಬ ಪದವನ್ನು ಓದುಗರು ನುಂಗಿಬಿಡುತ್ತಾರೆ! ಚಿನ್ನದ ಶಿಲೆಗಳಲ್ಲಿ ಅನೇಕ ವೇಳೆ ಕಬ್ಬಿಣ, ಗಂಧಕ, ಪಾಷಾಣಗಳು ಕೂಡಿದ ಆರ್ಸೆನೊಪೈರೈಟ್ ಎಂಬ ಖನಿಜವಿರುತ್ತದೆ. ಅಂತಹ ಶಿಲೆ ಇರುವೆಡೆಯಲ್ಲಿಯೇ ಗಣಿ ಹುಟ್ಟುತ್ತದೆ. ಅಲ್ಲಿಯೇ, ಯಾರೂ ಅಗೆಯದಿದ್ದರೂ, ಅಂತರ್ಜಲಕ್ಕೆ ಪಾಷಾಣ ಸೇರಬಲ್ಲುದು. ಗಣಿ, ವಿಷಜಲಗಳೆರಡಕ್ಕೂ ಶಿಲೆಯೊಂದೇ ಮೂಲವಾಗಿದ್ದರೆ, ಅವು ಜೊತೆಜೊತೆಗಿರುವುದರಿಂದ ಗಣಿಯ ತಪ್ಪು ಸಿದ್ಧವಾಗದು.

ಯಾದಗಿರಿಯ ಅಥವಾ ಶಹಾಪುರದ ಬಾವಿಗಳೊಡನೆ ಹೋಲಿಸಿದರೆ ಸಾಲದೆ? ಸಾಲದು. ಯಾದಗಿರಿಯ ಕೋಟೆಯ ಬೆಟ್ಟವೂ ಶಹಾಪುರದ ಬೆಟ್ಟಗಳೂ ಗ್ರಾನೈಟ್ ಶಿಲೆಯವು. ಅಲ್ಲಿ ಚಿನ್ನದ ಗಣಿಯೂ ಇಲ್ಲ, ಮಂಗಳೂರಿನ ಶಿಲೆಯೂ ಇಲ್ಲ. ವ್ಯತ್ಯಾಸ ಕಂಡರೆ ಎರಡರಲ್ಲಿ ಯಾವುದರಿಂದ ಎಂದು ಹೇಳುವುದು ಹೇಗೆ? ಅದೇ ಶಿಲಾಪಟ್ಟಿಯಲ್ಲಿ, ಗಣಿಯಿಂದ ದೂರದಲ್ಲಿ, ತ್ಯಾಜ್ಯದ ನೀರು ಹರಿಯಲಾರದ ಎತ್ತರದಲ್ಲಿರುವ ಬಾವಿಗಳನ್ನು ಹುಡುಕಬೇಕು. ಅವುಗಳ ನೀರು ಶುದ್ಧವಾಗಿದ್ದರೆ ಗಣಿಯ ಮೇಲಿನ ಸಂದೇಹ ಬಲವಾಗುತ್ತದೆ.

ಇದು ಬರಿಯ ತರ್ಕದ ವಿನೋದವಲ್ಲ. ತ್ಯಾಜ್ಯವೇ ಕಾರಣವಾದರೆ ಅದನ್ನು ಸಾಗಿಸಬೇಕು, ಇಲ್ಲವೆ ಮುಚ್ಚಬೇಕು. ಶಿಲೆಯೇ ಕಾರಣವಾದರೆ ಅದೇ ಪಟ್ಟಿಯಲ್ಲಿ ಕೊರೆದ ಹೊಸ ಕೊಳವೆಬಾವಿಯೂ ವಿಷವನ್ನೇ ಕೊಡಬಹುದು. ನೀರನ್ನು ಬೇರೆಡೆಯಿಂದ ತರಬೇಕು. ಆದರೆ ವಿಷದ ನೀರನ್ನು ನಿಲ್ಲಿಸಲು ಈ ವಿವಾದ ಮುಗಿಯಲೆಂದು ಕಾಯಬೇಕಿಲ್ಲ.

ಇನ್ನು ದೇಹಕ್ಕೆ ಸೇರುವ ಪಾಷಾಣದಲ್ಲಿ ನೀರಿನ ಪಾಲೆಷ್ಟು, ಮಣ್ಣಿನದೂ ಆಹಾರದ್ದೂ ಎಷ್ಟು? ಇದನ್ನು ತಿಳಿಯಲು ನೀರನ್ನು ಬದಲಿಸುವುದೇ ಒಂದು ಪ್ರಯೋಗವಾಗಬಲ್ಲುದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅದೇ ಮಣ್ಣಿನಲ್ಲಿ ದುಡಿದು ಅದೇ ಆಹಾರವನ್ನುಣ್ಣುವವರಿಗೆ ಶುದ್ಧ ನೀರನ್ನು ಕೊಟ್ಟು, ಆರು ತಿಂಗಳ ಬಳಿಕ ಬುಡದ ಕೂದಲನ್ನು ತುದಿಯ ಕೂದಲಿನೊಡನೆ ಹೋಲಿಸಿದರೆ ನೀರಿನ ಪಾಲು ಬಹುಮಟ್ಟಿಗೆ ಗೊತ್ತಾಗುವುದು.