ಪಶ್ಚಾತ್ತಾಪ: ಇಳಿದು ಬಂದ ಜಕ್ಕಾಯ

ಪಶ್ಚಾತ್ತಾಪ ಅಂದ್ರೆ ಅಳೋದು ಅಂತ ಅನೇಕರು ತಿಳಿದಿದ್ದಾರೆ. ಕಣ್ಣೀರು ಒಳ್ಳೆಯದೇ, ಆದರೆ ಅದು ಆರಂಭ ಮಾತ್ರ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇದಕ್ಕೆ 'ಮೆತಾನೊಯಾ' ಎಂಬ ಪದವಿದೆ. ಮನಸ್ಸು ಬದಲಾಗುವುದು ಎಂದು ಅದರ ಅರ್ಥ.

ಸಂತ ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಬರುವ ಜಕ್ಕಾಯನನ್ನು ನೋಡಿರಿ. ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಹಣವಂತ, ಗಿಡ್ಡ ಮನುಷ್ಯ. ಯೇಸುಸ್ವಾಮಿಯನ್ನು ನೋಡಲು ಅತ್ತಿಮರ ಹತ್ತಿದ. ಸ್ವಾಮಿ ಅವನ ಪಾಪದ ಲೆಕ್ಕ ಕೇಳಲಿಲ್ಲ. ಹೆಸರು ಹಿಡಿದು ಕರೆದು, ಬೇಗ ಇಳಿದು ಬಾ ಎಂದು ಹೇಳಿ, ಅವನ ಮನೆಗೇ ಹೋದರು. ಜನ ಗೊಣಗಿದರು. ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳಿದ.

ತಪ್ಪೊಪ್ಪಿಕೊಂಡವನು ಅಸಲಿಗೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕೆಂದು ಸಂಖ್ಯಾಕಾಂಡ 5:7ರಲ್ಲಿದೆ. ಜಕ್ಕಾಯ ಅಷ್ಟಕ್ಕೇ ನಿಲ್ಲಲಿಲ್ಲ. ಅವನೇನೂ ಕ್ಷಮೆಯನ್ನು ದುಡ್ಡು ಕೊಟ್ಟು ಕೊಳ್ಳಲಿಲ್ಲ. ದೇವರ ಪ್ರೀತಿ ಮೊದಲೇ ಅವನ ಮನೆಗೆ ಬಂದಿತ್ತು.

ಪ್ರಿಯ ಯಾತ್ರಿಕರೇ, ಪಾಪನಿವೇದನೆ ಮಾಡಿದಾಗ ದೇವರು ಪಾಪ ಕ್ಷಮಿಸುತ್ತಾರೆ. ಆದರೆ ಮಾಡಿದ ಹಾನಿಯನ್ನು ಆದಷ್ಟು ಸರಿಪಡಿಸಬೇಕು ಎಂದೂ ಧರ್ಮಸಭೆ ಕಲಿಸುತ್ತದೆ. ಒತ್ತಿಕೊಂಡ ಬದು ಅಲ್ಲೇ ಇರುತ್ತದೆ. ಕೊಡದೆ ಉಳಿಸಿಕೊಂಡ ಕೂಲಿ ಜೇಬಲ್ಲೇ ಇರುತ್ತದೆ. ಮಾತು ಬಿಟ್ಟ ತಮ್ಮ ಇನ್ನೂ ಪಕ್ಕದ ಮನೆಯಲ್ಲೇ ಇರುತ್ತಾನೆ.

ಬೆಟ್ಟ ಹತ್ತೋದು ಕಷ್ಟ, ಇಳಿಯೋದು ಸುಲಭ ಅಂತಾರೆ. ಪಶ್ಚಾತ್ತಾಪದಲ್ಲಿ ಇಳಿಯೋದೇ ಕಷ್ಟ. ಊರಿಗೆ ಹೋದ ಮೇಲೆ ಯಾರ ಬಾಗಿಲು ತಟ್ಟಬೇಕು? ಮೇಣದಬತ್ತಿ ಹಚ್ಚುವಾಗ ಆ ಹೆಸರನ್ನು ನೆನೆದು, ಹೋಗುವ ಧೈರ್ಯಕ್ಕಾಗಿ ಪ್ರಾರ್ಥಿಸಿರಿ.