ಟೇಬಲ್ ಮೌಂಟನ್‌ಗೆ ಹೋಗುವವರಿಗೆ

ಕೇಪ್‌ಟೌನ್‌ಗೆ ಹೋದವರು ಟೇಬಲ್ ಮೌಂಟನ್ ಹತ್ತುವುದನ್ನು ದಯವಿಟ್ಟು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಊರಿನ ಬೆನ್ನಿಗೇ ನಿಂತಿರುವ ಬೆಟ್ಟ, ಎಲ್ಲಿ ಹೋಗುತ್ತದೆ ಅನ್ನಿಸಬಹುದು. ಬೆಟ್ಟ ಎಲ್ಲೂ ಹೋಗುವುದಿಲ್ಲ, ಗಾಳಿ ಬರುತ್ತದೆ. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್, ಜನವರಿಯಲ್ಲಿ, ಆಗ್ನೇಯದ ಗಾಳಿ ಕಡಲಿನ ತೇವವನ್ನು ಬೆಟ್ಟದ ಮೇಲಕ್ಕೆ ತಳ್ಳಿ, ಅದರ ಚಪ್ಪಟೆ ನೆತ್ತಿಗೆ ಮೋಡದ ಬಿಳಿ ಹಾಸು ಹೊದಿಸುತ್ತದೆ. ಕೆಳಗಿನಿಂದ ನೋಡಲು ಬಲು ಚಂದ. ಒಳಗೆ ಸಿಕ್ಕಿಕೊಂಡವರಿಗೆ ಮಾತ್ರ ದಾರಿಯೇ ಕಾಣದು, ಚಳಿ ಬೇರೆ. ಗಾಳಿ ಜೋರಾದರೆ 1929ರಿಂದ ಓಡುತ್ತಿರುವ ಕೇಬಲ್ ಕಾರನ್ನೂ ನಿಲ್ಲಿಸುತ್ತಾರೆ. ಆಕಾಶ ತಿಳಿಯಾಗಿರುವ ಮೊದಲ ಬೆಳಗ್ಗೆಯೇ ಹೊರಟುಬಿಡಿ.

ನಡೆದು ಹತ್ತುವವರಿಗೆ ಪ್ಲಾಟೆಕ್ಲಿಪ್ ಕಣಿವೆಯದು ನೇರ ದಾರಿ. ನೇರವೆಂದು ಸುಲಭವಲ್ಲ, ಕಲ್ಲುಮೆಟ್ಟಿಲುಗಳೇ ಮುಗಿಯುವುದಿಲ್ಲ, ನೆರಳೂ ಕಡಿಮೆ. ತುದಿ 1,000 ಮೀಟರ್‌ಗೂ ಮೇಲಿದೆ. ತಲಾ ಎರಡು ಲೀಟರ್ ನೀರು ಇರಲಿ. ಕೆಳಗೆ ಬಿಸಿಲು ಸುಡುತ್ತಿದ್ದರೂ ಒಂದು ಜಾಕೆಟ್ ಚೀಲದಲ್ಲಿರಲಿ. ಒಬ್ಬರೇ ಹೋಗಬೇಡಿ, ನಿರ್ಜನ ದಾರಿಗಳಲ್ಲಿ ದರೋಡೆ ನಡೆದದ್ದುಂಟು.

ಮೇಲೆ ತಲುಪಿದಾಗ ಎಲ್ಲರೂ ದೂರದ ಸಮುದ್ರವನ್ನೇ ನೋಡುತ್ತಾರೆ. ನೀವು ಸ್ವಲ್ಪ ಹೊತ್ತು ಕಾಲ ಬುಡದಲ್ಲೂ ನೋಡಿ. ಫೈನ್‌ಬಾಸ್ ಎಂಬ ಈ ಕುರುಚಲಿನ ಎಷ್ಟೋ ಗಿಡಗಳು ಜಗತ್ತಿನ ಬೇರೆಲ್ಲೂ ಬೆಳೆಯುವುದಿಲ್ಲ; ಹಾಗಾಗಿ ಕಾಲುದಾರಿ ಬಿಟ್ಟು ತುಳಿಯಬೇಡಿ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಕೂತ, ಮೊಲದಷ್ಟೇ ಗಾತ್ರದ ಡಾಸಿ ಕಂಡರೆ ಚಿಪ್ಸ್ ಚಾಚದೆ ಸುಮ್ಮನೆ ಕೂತು ನೋಡಿ. ಆ ಪುಟ್ಟ ಪ್ರಾಣಿ ಆನೆಯ ಹತ್ತಿರದ ಸಂಬಂಧಿ!