ಗುಂಪಿನಲ್ಲಿ ಉಸಿರು ನಿಲ್ಲುವುದೇಕೆ?

ಮಕ್ಕಳೇ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗಿದ್ದೀರಾ? ಸುರಪುರದ ಕಡೆಯವರು ತಿಂಥಣಿ ಮೌನೇಶ್ವರನ ಜಾತ್ರೆ ನೋಡಿರುತ್ತೀರಿ. ಜಾತ್ರೆಯೆಂದರೆ ಜನ, ಜನವೆಂದರೆ ಸಂತೋಷ. ಆದರೆ ಜಾಗ ಕಡಿಮೆಯಾಗಿ ಜನ ಹೆಚ್ಚಾದರೆ ಅದೇ ಗುಂಪು ಪ್ರಾಣಕ್ಕೆ ಕುತ್ತಾಗಬಹುದು. ಅದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಎರಡು ಘಟನೆಗಳು

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ಆರ್‌ಸಿಬಿ ತಂಡ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಅಲ್ಲಿ ಕೂರಲು ಸ್ಥಳವಿದ್ದುದು ಸುಮಾರು 35,000 ಜನರಿಗೆ. ಎರಡು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರೆಂದು ಸರ್ಕಾರ ಹೇಳಿತು. ಒಳಗೆ ಹೋಗಲು ಪಾಸ್ ಬೇಕೋ ಬೇಡವೋ ಎಂಬ ಗೊಂದಲವೂ ಇತ್ತು. ಕ್ರೀಡಾಂಗಣದ ಹೊರಗೆ, ಗೇಟುಗಳ ಬಳಿ ಉಂಟಾದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅವರಲ್ಲಿ ಶಾಲೆಗೆ ಹೋಗುವ ಬಾಲಕಿಯೂ ಇದ್ದಳು.

ಇದಕ್ಕೂ 45 ವರ್ಷ ಹಿಂದೆ, 1979ರ ಡಿಸೆಂಬರ್ 3ರಂದು, ಅಮೆರಿಕದ ಸಿನ್ಸಿನಾಟಿ ನಗರದಲ್ಲಿ 'ದಿ ಹೂ' ಎಂಬ ರಾಕ್ ಸಂಗೀತ ತಂಡದ ಕಾರ್ಯಕ್ರಮವಿತ್ತು. ಹೆಚ್ಚಿನ ಟಿಕೆಟ್‌ಗಳಿಗೆ ಆಸನ ಸಂಖ್ಯೆ ಇರಲಿಲ್ಲ. ಮೊದಲು ಹೋದವರಿಗೆ ಮುಂದಿನ ಜಾಗ. ಸಾವಿರಾರು ಜನ ಚಳಿಯಲ್ಲಿ ಕಾದು ನಿಂತಿದ್ದರು. ತೆರೆದ ಬಾಗಿಲುಗಳು ಕೆಲವೇ. ಒಳಗಿನಿಂದ ಸದ್ದು ಕೇಳಿದಾಗ ಹಾಡು ಶುರುವಾಯಿತೆಂದು ಭಾವಿಸಿ ಹಿಂದಿದ್ದವರು ಮುಂದಕ್ಕೆ ನುಗ್ಗಿದರು. ಅಲ್ಲಿಯೂ ಸತ್ತವರು 11 ಜನ. ಒಳಗೆ ಕಾರ್ಯಕ್ರಮ ನಡೆದೇ ಇತ್ತು. ಹೊರಗೆ ಏನಾಯಿತೆಂದು ಹಾಡುವವರಿಗೆ ತಿಳಿದದ್ದು ಕಾರ್ಯಕ್ರಮ ಮುಗಿದ ಮೇಲೆ!

ದೇಶ ಬೇರೆ, ಕಾಲ ಬೇರೆ. ಆದರೆ ಎರಡೂ ಕಡೆ ಅಪಾಯವಾದದ್ದು ಬಾಗಿಲಿನ ಹೊರಗೆ. ಏಕೆ?

ಸಾವಿಗೆ ಕಾರಣ ಕಾಲೇ?

ಪತ್ರಿಕೆಗಳು ಇಂಥ ಘಟನೆಯನ್ನು 'ಕಾಲ್ತುಳಿತ' ಎನ್ನುತ್ತವೆ. ಓಡುವ ಜನರ ಕಾಲಿಗೆ ಸಿಕ್ಕಿ ಸತ್ತರು ಎಂದು ನಾವು ತಿಳಿಯುತ್ತೇವೆ. ಹಾಗೆ ಆಗುವುದೂ ಉಂಟು. ಆದರೆ ಇಂಥ ಗುಂಪಿನಲ್ಲಿ ಹೆಚ್ಚಿನವರು ಸಾಯುವುದು ಉಸಿರುಗಟ್ಟಿ. ಕೆಲವರು ನಿಂತಲ್ಲಿಯೇ ಪ್ರಾಣ ಬಿಡುತ್ತಾರೆ.

ನಾವು ಉಸಿರು ಎಳೆದುಕೊಂಡಾಗ ಪಕ್ಕೆಲುಬುಗಳು ಮೇಲಕ್ಕೆ ಮತ್ತು ಹೊರಕ್ಕೆ ಸರಿಯುತ್ತವೆ, ವಪೆ ಕೆಳಗೆ ಇಳಿಯುತ್ತದೆ. ಎದೆಯ ಗೂಡು ಹಿಗ್ಗುತ್ತದೆ, ಗಾಳಿ ಒಳಗೆ ಬರುತ್ತದೆ. ಎದೆ ಹಿಗ್ಗಲು ಜಾಗವೇ ಇಲ್ಲದಿದ್ದರೆ? ಸುತ್ತಲೂ ಗಾಳಿ ಇದ್ದರೂ ಒಳಗೆ ಬರಲಾರದು. ಆಮ್ಲಜನಕವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗುತ್ತದೆ.

ಚಟುವಟಿಕೆ 1: ಒಂದು ದಾರವನ್ನು ಎದೆಯ ಸುತ್ತ ಸಡಿಲವಾಗಿ ಹಿಡಿದು, ಉಸಿರು ಬಿಟ್ಟಾಗಿನ ಸುತ್ತಳತೆ ಗುರುತಿಸಿ. ದೀರ್ಘವಾಗಿ ಉಸಿರು ಎಳೆದುಕೊಂಡು ಮತ್ತೆ ಗುರುತಿಸಿ. ಸ್ಕೇಲಿನಿಂದ ವ್ಯತ್ಯಾಸ ಅಳೆಯಿರಿ. ಕೆಲವೇ ಸೆಂಟಿಮೀಟರ್ ಬರುತ್ತದೆ, ಅಲ್ಲವೇ? ನಮ್ಮ ಜೀವ ನಿಂತಿರುವುದು ಅಷ್ಟು ಜಾಗದ ಮೇಲೆ! (ದಾರವನ್ನು ಬಿಗಿಯಬೇಡಿ.)

ಒಂದು ಚದರ ಮೀಟರಿನಲ್ಲಿ ಎಷ್ಟು ಜನ?

ಚಟುವಟಿಕೆ 2: ಶಾಲೆಯ ಅಂಗಳದಲ್ಲಿ ಸುಣ್ಣದಿಂದ 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕ ಬರೆಯಿರಿ. ಮೊದಲು ಒಬ್ಬರು ನಿಲ್ಲಿ. ನಂತರ ಇಬ್ಬರು, ಮೂವರು, ನಾಲ್ವರು. ನಾಲ್ಕಕ್ಕೆ ನಿಲ್ಲಿಸಿ. ಶಿಕ್ಷಕರು ಹತ್ತಿರ ಇರಲಿ.

ನಾಲ್ಕು ದೊಡ್ಡವರು ನಿಂತರೆ ಮೈಗೆ ಮೈ ತಾಗುವುದು ಶುರುವಾಗುತ್ತದೆ. ಐದಾರು ಆದರೆ ಇಷ್ಟ ಬಂದ ಕಡೆ ತಿರುಗುವುದು ಕಷ್ಟ. ಏಳು ದಾಟಿದರೆ ಗುಂಪು ನೀರಿನಂತೆ ವರ್ತಿಸುತ್ತದೆ ಎಂದು ಜಾನ್ ಫ್ರೂಯಿನ್ ಎಂಬ ಅಮೆರಿಕದ ಎಂಜಿನಿಯರ್ ಬರೆದಿದ್ದಾರೆ. ಆಗ ನಾವು ನಡೆಯುವುದಿಲ್ಲ. ಗುಂಪು ನಮ್ಮನ್ನು ಒಯ್ಯುತ್ತದೆ. ಒಂದು ಕಡೆ ತಳ್ಳಿದರೆ ಕೆರೆಯ ಅಲೆಯಂತೆ ಆ ತಳ್ಳು ದೂರದವರೆಗೆ ಹರಿಯುತ್ತದೆ.

ಬಲ ಕೂಡುತ್ತಾ ಹೋಗುವುದೇ ಇಲ್ಲಿ ಅಪಾಯ. ಹಿಂದಿನ ಒಬ್ಬೊಬ್ಬರು 5 ಕಿಲೋ ತೂಕದಷ್ಟು ಮಾತ್ರ ಒತ್ತಿದರು ಎನ್ನಿ. ಒಬ್ಬರ ಹಿಂದೆ ಒಬ್ಬರಂತೆ 20 ಜನ ಒತ್ತಿದರೆ ಮುಂದಿನವನ ಎದೆಯ ಮೇಲೆ 100 ಕಿಲೋ, ಅಂದರೆ ಒಂದು ಕ್ವಿಂಟಲ್ ಜೋಳದಷ್ಟು ಭಾರ! ನಿಜವಾದ ಗುಂಪಿನಲ್ಲಿ ಸ್ವಲ್ಪ ಬಲ ನಡುವೆ ಕಳೆದುಹೋಗುತ್ತದೆ. ಆದರೂ ಇಂಥ ಘಟನೆಗಳಲ್ಲಿ ಕಬ್ಬಿಣದ ಕಂಬಿಗಳೇ ಬಾಗಿದ್ದುಂಟು. ಹಿಂದಿದ್ದವರಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಅವರು ಕೆಟ್ಟವರಲ್ಲ, ತಿಳಿಯದವರು.

ಬಾಗಿಲಲ್ಲಿ ಏಕೆ?

ಚಟುವಟಿಕೆ 3
ಬೇಕಾಗುವ ಸಾಮಗ್ರಿಗಳು: ದಪ್ಪ ಕಾಗದ, ಕತ್ತರಿ, ಒಂದು ಬೊಗಸೆ ತೊಗರಿಕಾಳು.
ವಿಧಾನ: ಕಾಗದವನ್ನು ಸುತ್ತಿ ಎರಡು ಆಲಿಕೆ ಮಾಡಿ. ಒಂದರ ಬಾಯಿ ಎರಡು ಕಾಳಿನಷ್ಟು ಅಗಲ, ಇನ್ನೊಂದರದ್ದು ಏಳೆಂಟು ಕಾಳಿನಷ್ಟು ಅಗಲ ಇರಲಿ. ಬಾಯಿಯನ್ನು ಬೆರಳಿನಿಂದ ಮುಚ್ಚಿ ಕಾಳು ತುಂಬಿ. ಬೆರಳು ತೆಗೆಯಿರಿ.

ಏನು ಕಂಡಿರಿ? ಅಗಲ ಬಾಯಿಯಿಂದ ಕಾಳು ಸರಾಗವಾಗಿ ಹರಿಯುತ್ತದೆ. ಕಿರಿದಾದ ಬಾಯಲ್ಲಿ ಕಾಳುಗಳು ಒಂದಕ್ಕೊಂದು ಆತು ಕಮಾನು ಕಟ್ಟಿ ನಿಂತುಬಿಡುತ್ತವೆ. ಈಗ ಮೇಲಿನಿಂದ ಕೈಯಿಂದ ಒತ್ತಿ. ಕಾಳು ಬೀಳುವ ಬದಲು ಇನ್ನೂ ಬಿಗಿಯಾಗುತ್ತದೆ. ಇಕ್ಕಟ್ಟಾದ ಬಾಗಿಲಲ್ಲಿ ಜನರಿಗೂ ಹೀಗೆಯೇ ಆಗುತ್ತದೆ. ಆಲಿಕೆಯನ್ನು ತಟ್ಟಿದರೆ ಕಾಳಿನ ಕಮಾನು ಒಡೆಯುತ್ತದೆ. ಕಾಳು ಉಸಿರಾಡುವುದಿಲ್ಲ, ಮನುಷ್ಯ ಉಸಿರಾಡಬೇಕು.

ತೀರ್ಮಾನ: ನುಗ್ಗಿದರೆ ಬೇಗ ಹೋಗುವುದಿಲ್ಲ, ತಡವಾಗುತ್ತದೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಬಸ್ಸಿನ ಬಾಗಿಲನ್ನು ಗಮನಿಸಿ. ಸಾಲಿನಲ್ಲಿ ಹತ್ತಿದಾಗ ಎಷ್ಟು ಹೊತ್ತು, ನುಗ್ಗಿದಾಗ ಎಷ್ಟು ಹೊತ್ತು? ದೂರ ನಿಂತು ಲೆಕ್ಕ ಹಾಕಿ.

ಯಾರ ಹೊಣೆ?

'ಜನರಿಗೆ ಶಿಸ್ತಿಲ್ಲ' ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಗುಂಪಿನ ನಡುವೆ ಸಿಕ್ಕವನು ಎಷ್ಟು ಶಿಸ್ತಿನವನಾದರೂ ಏನೂ ಮಾಡಲಾರ. 2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಕೆಲವೇ ಮೀಟರ್ ಅಗಲದ ಇಳಿಜಾರು ಓಣಿಯಲ್ಲಿ ಸಿಕ್ಕಿಕೊಂಡು 159 ಜನ ಸತ್ತರು. ಎಷ್ಟು ಜನ ಬರುತ್ತಾರೆ, ಬಾಗಿಲು ಎಷ್ಟು, ಒಳಗೆ ಹೋಗುವ ದಾರಿ ಯಾವುದು, ಹೊರಬರುವ ದಾರಿ ಯಾವುದು? ಇದನ್ನು ಮೊದಲೇ ಲೆಕ್ಕ ಹಾಕಬೇಕಾದವರು ಕಾರ್ಯಕ್ರಮ ನಡೆಸುವವರು ಮತ್ತು ಅಧಿಕಾರಿಗಳು. ಸಿನ್ಸಿನಾಟಿ ನಗರ 1979ರ ಘಟನೆಯ ನಂತರ ಆಸನ ಸಂಖ್ಯೆ ಇಲ್ಲದ ಟಿಕೆಟ್‌ಗಳನ್ನು ನಿಷೇಧಿಸಿತು. ಲೆಕ್ಕ ಸರಿ ಇದ್ದರೆ ಜೀವ ಉಳಿಯುತ್ತದೆ.

ಗುಂಪಿನಲ್ಲಿ ಸಿಕ್ಕರೆ

1. ಜಾತ್ರೆಗೆ ಹೋದ ತಕ್ಷಣ ಹೊರಬರುವ ಇನ್ನೊಂದು ದಾರಿ ನೋಡಿಟ್ಟುಕೊಳ್ಳಿ. ಮನೆಯವರ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ.
2. ನಾಲ್ಕೂ ಕಡೆಯಿಂದ ಮೈ ತಾಗಲು ಶುರುವಾದರೆ ಆಗಲೇ ಹೊರಗೆ ಬನ್ನಿ. ಆಮೇಲೆ ಆಗುವುದಿಲ್ಲ.
3. ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿಯಿರಿ. ಎದೆ ಹಿಗ್ಗಲು ಜಾಗ ಉಳಿಯುತ್ತದೆ.
4. ತಳ್ಳಿಗೆ ಎದುರಾಗಿ ಸೆಣಸಬೇಡಿ. ತಳ್ಳು ನಿಂತಾಗ ಓರೆಯಾಗಿ, ಸ್ವಲ್ಪ ಸ್ವಲ್ಪವೇ ಅಂಚಿಗೆ ಸರಿಯಿರಿ. ಗೋಡೆ, ಕಂಬಿಗಳಿಂದ ದೂರವಿರಿ.
5. ಚಪ್ಪಲಿ ಬಿದ್ದರೆ ಬಿಡಿ, ಬಾಗಬೇಡಿ.
6. ಸುಮ್ಮನೆ ಕೂಗಿ ಉಸಿರು ಕಳೆಯಬೇಡಿ. ಪಕ್ಕದಲ್ಲಿ ಬಿದ್ದವರನ್ನು ಕೂಡಲೇ ಎಬ್ಬಿಸಿ.
7. ನೀವೇ ಬಿದ್ದು ಏಳಲಾಗದಿದ್ದರೆ ಒಂದು ಮಗ್ಗುಲಿಗೆ ಮುದುಡಿ ಮಲಗಿ, ತಲೆಗೆ ಕೈ ಅಡ್ಡ ಹಿಡಿಯಿರಿ.
8. ಹೊರಗಿದ್ದವರು 112ಕ್ಕೆ ಅಥವಾ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿ.

ಲೆಕ್ಕ ಮಾಡಿ

1. ಒಂದು ದೇವಸ್ಥಾನದ ಅಂಗಳ 20 ಮೀಟರ್ ಉದ್ದ, 10 ಮೀಟರ್ ಅಗಲವಿದೆ. ಚದರ ಮೀಟರಿಗೆ ಇಬ್ಬರಂತೆ ಎಷ್ಟು ಜನ ಆರಾಮವಾಗಿ ನಿಲ್ಲಬಹುದು?
2. ಸಮತಟ್ಟಾದ 1 ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಜನ ಹೋಗಬಹುದು. 8,000 ಜನ 2 ಮೀಟರ್ ಅಗಲದ ಒಂದೇ ಗೇಟಿನಿಂದ ಹೊರಬರಲು ಎಷ್ಟು ನಿಮಿಷ ಬೇಕು? ಅಂಥ ನಾಲ್ಕು ಗೇಟುಗಳಿದ್ದರೆ?
3. ನಿಮ್ಮ ಶಾಲೆಯ ಗೇಟಿನ ಅಗಲ ಅಳೆಯಿರಿ. ಗಂಟೆ ಬಾರಿಸಿದ ಮೇಲೆ ಎಲ್ಲರೂ ಹೊರಬರಲು ಎಷ್ಟು ಹೊತ್ತು ಹಿಡಿಯುತ್ತದೆ? ಸಾಲಿನಲ್ಲಿ ಒಂದು ದಿನ ಬಂದು ಹೋಲಿಸಿ. ಬಂದ ಉತ್ತರವನ್ನು ಮುಖ್ಯ ಗುರುಗಳಿಗೆ ತೋರಿಸಿ.

(ಉತ್ತರ: 1. 400 ಜನ. 2. 50 ನಿಮಿಷ, ನಾಲ್ಕು ಗೇಟುಗಳಿದ್ದರೆ ಹನ್ನೆರಡೂವರೆ ನಿಮಿಷ. 3. ನೀವೇ ಕಂಡುಹಿಡಿಯಿರಿ.)